ಪ್ರತಿಕ್ರಿಯೆ: ಔಷಧಿ ಹೊಡೆದ ಕೈಗೆ ಬಟ್ಟೆ ಪುಡಿ ಬೇಡ

ತೋಟಕ್ಕೆ ಕೀಟದ ಔಷಧಿ ಹೊಡೆದ ಮೇಲೆ ಬಟ್ಟೆ ಒಗೆಯುವ ಪುಡಿಯಿಂದ ಕೈ ಉಜ್ಜುತ್ತೇನೆ, ಕೈ ಬಿರಿದು ಉರಿಯುತ್ತಿದೆ ಎಂದು ಬರೆದಿದ್ದೀರಿ. ಉರಿಗೆ ಕಾರಣ ಬಹುಮಟ್ಟಿಗೆ ಆ ಪುಡಿಯೇ. ಮೂಡಿಗೆರೆಯ ನಿಮ್ಮ ತೋಟದಂತೆಯೇ ನಮ್ಮಲ್ಲಿಯೂ ಕಾಂಡಕೊರಕ ಹುಳಕ್ಕೆ ಕ್ಲೋರ್‌ಪೈರಿಫಾಸ್ ಎಂಬ ಕೀಟನಾಶಕ ಹೊಡೆದವರ ಕೈ ಹೀಗೇ ಬಿರಿದಿತ್ತು. ಚರ್ಮ ತುಸು ಆಮ್ಲೀಯ, ಪಿಎಚ್ (ಆಮ್ಲ-ಕ್ಷಾರದ ಅಳತೆ; 7ಕ್ಕಿಂತ ಕಡಿಮೆ ಆಮ್ಲ, ಹೆಚ್ಚು ಕ್ಷಾರ) ಸುಮಾರು 5. ಪುಡಿಯ ನೀರು 10ರ ಆಸುಪಾಸಿನ ಕ್ಷಾರ. ಅದು ಚರ್ಮದ ಜಿಡ್ಡನ್ನು ತೆಗೆದುಬಿಡುತ್ತದೆ. ಬಿರಿದ ಚರ್ಮದೊಳಗೆ ಮರುದಿನದ ಔಷಧಿ ಇನ್ನೂ ಬೇಗ ಇಳಿಯುತ್ತದೆ. ನನ್ನ ಆತಂಕ ಅದೇ.

ಪುಡಿಯನ್ನು ಇಂದೇ ನಿಲ್ಲಿಸಿ. ಸಿಂಪಡಣೆ ಮುಗಿದೊಡನೆ ಬಟ್ಟೆ ಕಳಚಿ, ಹರಿಯುವ ನೀರು ಮತ್ತು ಸ್ನಾನದ ಸೋಪಿನಿಂದ ಕನಿಷ್ಠ 15 ನಿಮಿಷ ತೊಳೆಯಿರಿ. ಉಗುರಿನ ಸಂದು, ಕಿವಿಯ ಹಿಂಭಾಗ, ಕೂದಲು ಮರೆಯಬೇಡಿ. ಬಿಸಿನೀರು, ತೆಂಗಿನ ನಾರು, ಬ್ರಷ್ ಬೇಡವೇ ಬೇಡ. ಪೂರ್ತಿ ತೊಳೆದ ನಂತರವಷ್ಟೇ ಕೊಬ್ಬರಿ ಎಣ್ಣೆ ಹಚ್ಚಿ. ಪುಡಿಯನ್ನು ಸಿಂಪಡಣೆಗೆ ತೊಟ್ಟ ಬಟ್ಟೆಗಳಿಗೆ ಬಳಸಿ, ಮನೆಯವರ ಬಟ್ಟೆಯೊಂದಿಗೆ ಬೆರೆಸದೆ ಒಗೆಯಿರಿ.

ಔಷಧಿಯಿಂದಲೂ ಉರಿ ಬರಬಹುದು; ನೋಡಿದ ಮಾತ್ರಕ್ಕೆ ಎರಡನ್ನೂ ಬೇರ್ಪಡಿಸಲಾಗದು. ವಾರದಲ್ಲಿ ಇಳಿಯದಿದ್ದರೆ ಚರ್ಮ ವೈದ್ಯರಿಗೆ ತೋರಿಸಿ. ಬಿರುಕು ಮಾಯುವವರೆಗೆ ಸಿಂಪಡಣೆ ಪಂಪು ಹೊರಬೇಡಿ, ಆಮೇಲೂ ನೈಟ್ರೈಲ್ (ಒಂದು ಬಗೆಯ ಕೃತಕ ರಬ್ಬರ್) ಕೈಗವಸು ಧರಿಸಿ. ವಾಂತಿ, ಅತಿಯಾದ ಜೊಲ್ಲು, ಬೆವರು, ಕಣ್ಣು ಮಂಜಾಗುವುದು, ಉಸಿರಾಟದ ಕಷ್ಟ ಕಂಡರೆ ಕಾಯದೆ ಔಷಧಿಯ ಬಾಟಲಿ ಹಿಡಿದು ಆಸ್ಪತ್ರೆಗೆ ಹೊರಡಿ.