ಭತ್ತ, ಗೋಧಿಯ ಗಿಡ ಗಿಡ್ಡವಾದರೆ ಇಳುವರಿ ಜಾಸ್ತಿ ಆಗುವುದು ಹೇಗೆ?

ಗಿಡ್ಡ ಗಿಡ ಜಾಸ್ತಿ ಗೊಬ್ಬರ ಹಾಕಿದರೂ ಸುಲಭಕ್ಕೆ ಬೀಳುವುದಿಲ್ಲ. ಜೊತೆಗೆ, ದಂಟು ಬೆಳೆಸಲು ಖರ್ಚಾಗುತ್ತಿದ್ದ ಆಹಾರದಲ್ಲಿ ಒಂದಷ್ಟು ಪಾಲು ಕಾಳಿಗೆ ಹೋಗುತ್ತದೆ.

ಹಳೆಯ ಎತ್ತರದ ಭತ್ತಕ್ಕೆ ಯೂರಿಯಾ ಥರದ ಸಾರಜನಕ ಗೊಬ್ಬರ ಜಾಸ್ತಿ ಕೊಟ್ಟರೆ ಪೈರು ಇನ್ನೂ ಉದ್ದ ಬೆಳೆಯುತ್ತಿತ್ತು. ತೆನೆ ತುಂಬಿ ತೂಕ ಬಂದ ಮೇಲೆ ಒಂದು ಜೋರು ಗಾಳಿ ಸಾಕು, ಗದ್ದೆಗೆ ಗದ್ದೆಯೇ ಮಲಗಿಬಿಡುತ್ತಿತ್ತು. ಮಲಗಿದ ಪೈರಿಗೆ ಬಿಸಿಲು ಸರಿಯಾಗಿ ಸಿಗುವುದಿಲ್ಲ, ಕಾಳು ಜೊಳ್ಳಾಗುತ್ತದೆ. ನೀರಿಗೆ ತಾಗಿದ ತೆನೆ ಕೊಳೆಯುತ್ತದೆ, ಇಲ್ಲವೇ ಅಲ್ಲೇ ಮೊಳಕೆ ಒಡೆಯುತ್ತದೆ. ಹಾಕಿದ ಗೊಬ್ಬರವೇ ಮುಳುವಾಯಿತು ಅಲ್ವಾ?

ಪರಿಹಾರ ಸಿಕ್ಕಿದ್ದು ಒಂದು ಜೀನ್‌ನಲ್ಲಿ. ಗಿಡವನ್ನು ಉದ್ದ ಮಾಡುವ ಹಾರ್ಮೋನಿನ ಹೆಸರು ಜಿಬ್ಬರೆಲಿನ್. ತೈವಾನಿನ ಒಂದು ಕುಳ್ಳ ಭತ್ತದಲ್ಲಿ ಅದನ್ನು ತಯಾರಿಸುವ ಜೀನ್ ಕೆಟ್ಟಿತ್ತು. ಫಿಲಿಪೈನ್ಸ್‌ನಲ್ಲಿರುವ ಅಂತರರಾಷ್ಟ್ರೀಯ ಭತ್ತ ಸಂಶೋಧನಾ ಸಂಸ್ಥೆ ಅದನ್ನು ಇಂಡೋನೇಷ್ಯಾದ ಎತ್ತರದ ತಳಿ ‘ಪೇಟಾ’ ಜೊತೆ ಕೂಡಿಸಿ, 1966ರಲ್ಲಿ ಐಆರ್8 ಎಂಬ ಗಿಡ್ಡ ತಳಿ ಬಿಡುಗಡೆ ಮಾಡಿತು. ಗೋಧಿಗೆ ಜಪಾನಿನ ನೋರಿನ್ 10 ತಳಿ ಒದಗಿ ಬಂತು. ಅದರಲ್ಲಿ ಹಾರ್ಮೋನು ಇರುತ್ತದೆ, ಗಿಡ ಮಾತ್ರ ಅದರ ಮಾತು ಅಷ್ಟಾಗಿ ಕೇಳುವುದಿಲ್ಲ!

ರುಚಿಯ ವಿಷಯದಲ್ಲಿ ಮಾತ್ರ ಐಆರ್8 ಸೋತಿತು. ಅಕ್ಕಿ ಸೀಮೆಸುಣ್ಣದ ಹಾಗಿತ್ತು, ಗಿರಣಿಯಲ್ಲಿ ನುಚ್ಚಾಗುತ್ತಿತ್ತು, ಅನ್ನ ಆರಿದರೆ ಗಟ್ಟಿಯಾಗುತ್ತಿತ್ತು. ಅನ್ನ ಹೀಗೆ ಗಟ್ಟಿಯಾಗಲು ಕಾರಣ ಹುಡುಕಿದರೆ ಅಮೈಲೋಸ್ ಎಂಬ ಪಿಷ್ಟ ಅದರಲ್ಲಿ ಜಾಸ್ತಿ. 1985ರ ಐಆರ್64ರಲ್ಲಿ ಆ ಪಿಷ್ಟ ಮಧ್ಯಮ ಮಟ್ಟಕ್ಕೆ ಇಳಿಯಿತು. ಗಿಡ ಗಿಡ್ಡವಾಗಿಯೇ ಉಳಿಯಿತು, ಅನ್ನ ಮೆತ್ತಗಾಯಿತು.