ಅಜ್ಜಿಗೂ ದುಡಿಮೆ ಇದೆ, ಮಾಷ್ಟ್ರೇ

ಪತ್ರ: “ಇಂಗ್ಲೆಂಡಿನಲ್ಲಿರುವ ನಮ್ಮ ಸೊಸೆ ಹೇಳುವ ಪ್ರಕಾರ, ದುಡಿಯುವವರ ಮಕ್ಕಳಿಗೆ ವಾರಕ್ಕೆ 30 ಗಂಟೆ ನರ್ಸರಿ ಖರ್ಚು ಸರಕಾರದ್ದಂತೆ. ಹೆತ್ತವರ ಕರ್ತವ್ಯಕ್ಕೂ ತೆರಿಗೆಯ ದುಡ್ಡೇ? ನಮ್ಮಲ್ಲಿ ಅಜ್ಜಿಯಂದಿರಿದ್ದಾರೆ, ಅಂಗನವಾಡಿಯಿದೆ. ಸಾಲದೇ?” — ನಿವೃತ್ತ ಅಧ್ಯಾಪಕರು, ಪೆರ್ಲ (ಕಾಸರಗೋಡು)

ಸಂಪಾದಕರ ಉತ್ತರ:

ತೆರಿಗೆಗೆ ಲೆಕ್ಕ ಕೇಳಿದ್ದು ಸರಿ ಮಾಷ್ಟ್ರೇ. ಅಜ್ಜಿಯ ಮಡಿಲಿಗೆ ಸಾಟಿಯಿಲ್ಲ ಎಂಬುದನ್ನೂ ಒಪ್ಪೋಣ. ಆದರೆ ನಮ್ಮ ಕಡೆಯ ಎಷ್ಟೋ ಅಜ್ಜಿಯಂದಿರು ಇನ್ನೂ ಬೀಡಿ ಕಟ್ಟುತ್ತಾರೆ, ಅಡಿಕೆ ಸುಲಿಯಲು ಹೋಗುತ್ತಾರೆ. ಮಗು ನೋಡಲು ಅವರು ಕೂತರೆ ಆ ದಿನದ ಮಜೂರಿ ಹೋಯಿತು. ಅದು ನಿಮ್ಮ ಲೆಕ್ಕದಲ್ಲಿ ಬಂದೇ ಇಲ್ಲ.

ಇಂಗ್ಲೆಂಡಿನ ಆ 30 ಗಂಟೆ 2025ರ ಸೆಪ್ಟೆಂಬರಿನಿಂದ ಒಂಬತ್ತು ತಿಂಗಳ ಕೂಸಿಗೂ ಸಿಗುತ್ತಿದೆ. ಆದರೆ ವರ್ಷಕ್ಕೆ 38 ವಾರ ಮಾತ್ರ, ಒಟ್ಟು 1,140 ಗಂಟೆ. ಇಡೀ ವರ್ಷಕ್ಕೆ ಹರಡಿದರೆ ವಾರಕ್ಕೆ 22 ಗಂಟೆಯೂ ಪೂರ್ತಿ ಆಗುವುದಿಲ್ಲ. ಅಪ್ಪ, ಅಮ್ಮ ಇಬ್ಬರೂ ಕನಿಷ್ಠ ವೇತನದ ದರದಲ್ಲಿ ವಾರಕ್ಕೆ 16 ಗಂಟೆಯಷ್ಟಾದರೂ ಗಳಿಸಬೇಕು. ಒಬ್ಬರ ಆದಾಯ ವರ್ಷಕ್ಕೆ ಲಕ್ಷ ಪೌಂಡ್ ದಾಟಿದರೂ ಸೌಲಭ್ಯ ಇಲ್ಲ. ಆನ್‌ಲೈನಿನಲ್ಲಿ ಅರ್ಜಿ ಹಾಕಿ ಬಂದ ಕೋಡನ್ನು ನರ್ಸರಿಗೆ ಕೊಡಬೇಕು, ಮೂರು ತಿಂಗಳಿಗೊಮ್ಮೆ ವಿವರ ದೃಢೀಕರಿಸುತ್ತಿರಬೇಕು. ಊಟಕ್ಕೆ, ಡಯಾಪರಿಗೆ ನರ್ಸರಿಯವರು ಬೇರೆ ದುಡ್ಡು ಕೇಳಬಹುದು.

ತೊಡಕಿರುವುದು ಆಳಿನ ಲೆಕ್ಕದಲ್ಲಿ. ಎರಡು ವರ್ಷದೊಳಗಿನ ಮೂರು ಮಕ್ಕಳಿಗೆ ಒಬ್ಬರು, ಎರಡು ತುಂಬಿದ ಐದು ಮಕ್ಕಳಿಗೆ ಒಬ್ಬರು, ಮೂರು ದಾಟಿದ ಎಂಟಕ್ಕೆ ಒಬ್ಬರು ಎಂಬುದು ಅಲ್ಲಿಯ ಸಾಮಾನ್ಯ ನಿಯಮ. ಹಾಗಾಗಿ ಕೂಸು ಎಳೆಯದಾದಷ್ಟೂ ಸಂಬಳದ ಖರ್ಚು ಜಾಸ್ತಿ. ಸರಕಾರ ಸ್ಥಳೀಯ ಆಡಳಿತದ ಮೂಲಕ ಗಂಟೆಗಿಷ್ಟು ಎಂದು ಕೊಡುವ ದರ ಅದಕ್ಕೆ ಸಾಲದಿದ್ದರೆ ನರ್ಸರಿ ಉಳಿದ ಗಂಟೆಗಳ ಫೀಸು ಏರಿಸುತ್ತದೆ, ಇಲ್ಲವೇ ಎಳೆಗೂಸುಗಳ ಸೀಟು ಕಡಿಮೆ ಮಾಡುತ್ತದೆ. ತಿಂಗಳ ಕೊನೆಗೆ ಬಿಲ್ ಎಷ್ಟು ಬರುತ್ತದೆಂದು ಸೊಸೆಯನ್ನೇ ಕೇಳಿ. ಇಷ್ಟಿದ್ದೂ, ತಾಯಿಯ ದುಡಿಮೆಯ ಹೊತ್ತನ್ನು ಲೆಕ್ಕಕ್ಕೆ ಹಿಡಿದ ಆ ಸರಕಾರದ ಮೇಲೆ ನಮಗೆ ಹೊಟ್ಟೆಕಿಚ್ಚು.

ನಮ್ಮ ಅಂಗನವಾಡಿ 1975ರ ಅಕ್ಟೋಬರ್ 2ರಂದು ಶುರುವಾದ ಯೋಜನೆಯ ಕೂಸು. ಪೌಷ್ಟಿಕ ಆಹಾರ, ಚುಚ್ಚುಮದ್ದು, ಶಾಲೆಗೆ ಮೊದಲಿನ ಕಲಿಕೆ ಅದರ ಉದ್ದೇಶ. ಮೂರು ತುಂಬದ ಮಗುವಿಗೆ ಕೇರಳದಲ್ಲಿ ಅಲ್ಲಿಂದ ಮುಖ್ಯವಾಗಿ ಸಿಗುವುದು ಕುಟುಂಬಶ್ರೀ ಮಹಿಳಾ ಸಂಘದವರು ಮಾಡುವ ಅಮೃತಂ ಎಂಬ ಪೌಷ್ಟಿಕ ಪುಡಿ. ಮಗುವನ್ನು ಬಿಟ್ಟು ಹೋಗುವ ಜಾಗ ಅದಲ್ಲ. ದೊಡ್ಡ ಮಕ್ಕಳೂ ಶಾಲೆ ಬಿಡುವ ಹೊತ್ತಿಗೆ ಮನೆಗೆ ಬರುತ್ತವೆ. ಅಮ್ಮ ಕೆಲಸ ಮಾಡುವ ಬಟ್ಟೆ ಅಂಗಡಿ ಬಾಗಿಲು ಹಾಕುವುದು ಕತ್ತಲಾದ ಮೇಲೆ. 50 ಜನ ನೌಕರರಿದ್ದಲ್ಲಿ ಶಿಶುಪಾಲನಾ ಕೇಂದ್ರ ಬೇಕೆಂದು 2017ರ ಹೆರಿಗೆ ಸೌಲಭ್ಯ ತಿದ್ದುಪಡಿ ಹೇಳಿತು. ಉಪ್ಪಳದ, ಕುಂಬಳೆಯ ಯಾವ ಅಂಗಡಿಯಲ್ಲಿ 50 ಜನ ಇದ್ದಾರೆ? 1966ರ ಬೀಡಿ ಕಾಯ್ದೆಯೂ ಕೂಸುಗಳಿಗೆ ಕೋಣೆ ಬೇಕೆಂದದ್ದು ಬೀಡಿ ಕಂಪೆನಿಯ ಕಟ್ಟಡದಲ್ಲಿ. ಮನೆಜಗಲಿಯಲ್ಲಿ ಕೂತು ಕಟ್ಟುವವಳಿಗೆ ಅದರಿಂದ ಏನೂ ದಕ್ಕಲಿಲ್ಲ.

ದಾರಿ ಇಲ್ಲವೆಂದಲ್ಲ. ಕೇಂದ್ರದ ‘ಪಾಲ್ನಾ’ ಯೋಜನೆಯಲ್ಲಿ ಅಂಗನವಾಡಿಗೆ ಸೇರಿಸಿಯೇ ಶಿಶುಪಾಲನಾ ಕೇಂದ್ರ ನಡೆಸಬಹುದು: ಆರು ತಿಂಗಳಿಂದ ಆರು ವರ್ಷದವರಿಗೆ, ದಿನಕ್ಕೆ ಏಳೂವರೆ ಗಂಟೆ, ತಿಂಗಳಿಗೆ 26 ದಿನ. ಗಡಿಯಾಚೆ ಕರ್ನಾಟಕ 2023–24ರ ಬಜೆಟ್ಟಿನಲ್ಲಿ 4,000 ಗ್ರಾಮ ಪಂಚಾಯತುಗಳಿಗೆ ‘ಕೂಸಿನ ಮನೆ’ ಘೋಷಿಸಿತು. ಇಂಥಲ್ಲೆಲ್ಲ ಕೆಡುವುದು ಒಂದೇ ಕಡೆ: ಇರುವ ಟೀಚರನ್ನೇ ಸಂಜೆವರೆಗೆ ನಿಲ್ಲಿಸುವುದು. ಹೆಚ್ಚಿನ ಹೊತ್ತಿಗೆ ಬೇರೆ ಆಳು ಬೇಕು, ಅವರಿಗೆ ಸಂಬಳ ಬೇಕು.

ಆ ಆಳಿಗೆ ಕನ್ನಡವೋ ತುಳುವೋ ಬರಬೇಕು ಎಂದರೆ ನಮ್ಮನ್ನು ಭಾಷಾಂಧರೆನ್ನುತ್ತಾರೆ. ಎರಡು ವರ್ಷದ ಮಗು ಹಸಿವು, ಉಚ್ಚೆ, ಹೊಟ್ಟೆನೋವು ಹೇಳುವುದು ಮನೆಮಾತಿನಲ್ಲಿ. ತಿಳಿಯದವರ ಕೈಯಲ್ಲಿ ಅದು ಸುಮ್ಮನೆ ಅಳುವ ಮಗು. ಸಂವಿಧಾನದ 350ಎ ವಿಧಿ ಭಾಷಾ ಅಲ್ಪಸಂಖ್ಯಾತರಿಗೆ ಮಾತೃಭಾಷೆಯ ಅನುಕೂಲ ಹೇಳುವುದು ಪ್ರಾಥಮಿಕ ಹಂತದ ಕಲಿಕೆಗೆ. ಅದಕ್ಕೂ ಮೊದಲಿನ ಕೂಸಿನ ಹೆಸರೆತ್ತುವ 45ನೇ ವಿಧಿ ಭಾಷೆಯ ಸುದ್ದಿಗೇ ಹೋಗುವುದಿಲ್ಲ. ಕಾಸರಗೋಡು ಕೇರಳಕ್ಕೆ ಸೇರಿದ 1956ರಿಂದ ಕನ್ನಡ ಶಾಲೆಗಾಗಿ ಗಂಟಲು ಹರಿದುಕೊಂಡ ನಾವೂ ಅಂಗನವಾಡಿಯ ಹೊಸಿಲಲ್ಲಿ ಸುಮ್ಮನಾದೆವು.

ನಿವೃತ್ತರು ನೀವು, ಬಿಡುವೂ ಇದೆ, ಕೈಬರಹವೂ ಚೆಂದ. ನಿಮ್ಮ ವಾರ್ಡಿನಲ್ಲಿ ಮೂರು ತುಂಬದ ಮಕ್ಕಳೆಷ್ಟು, ಅಮ್ಮಂದಿರು ಮನೆ ಬಿಡುವ, ಸೇರುವ ಹೊತ್ತು ಯಾವುದು, ಮನೆಮಾತು ಯಾವುದು ಎಂದು ಪಟ್ಟಿ ಮಾಡಿ. ಗ್ರಾಮಸಭೆಯಲ್ಲಿ ಕೊಟ್ಟು ನಡಾವಳಿಯಲ್ಲಿ ಬರೆಸಿ, ಒಂದು ಪ್ರತಿಗೆ ಸೀಲು ಹಾಕಿಸಿಕೊಳ್ಳಿ. ಅರ್ಜಿ ಕನ್ನಡದಲ್ಲೇ ಇರಲಿ, 350ನೇ ವಿಧಿ ಅದಕ್ಕೆ ಅವಕಾಶ ಕೊಟ್ಟಿದೆ. ಉತ್ತರ ಮಲಯಾಳದಲ್ಲಿ ಬಂದರೆ ಅದನ್ನೂ ನಮಗೆ ಕಳುಹಿಸಿ, ಇದೇ ಪುಟದಲ್ಲಿ ಅಚ್ಚು ಹಾಕುತ್ತೇವೆ.