ಇಕ್ಯೂ ಹೆಚ್ಚಿದ್ದವರು ಕೆಲಸದಲ್ಲೂ ಮುಂದಿರುತ್ತಾರಾ?

ಹೊಸಬರನ್ನು ಆರಿಸುವಾಗ ಇಕ್ಯೂ, ಅಂದರೆ ತನ್ನ ಮತ್ತು ಬೇರೆಯವರ ಭಾವನೆ ಅರಿತು ನಡೆಯುವ ಜಾಣ್ಮೆಯ ಪರೀಕ್ಷೆ ಕೊಡಬೇಕಾ, ಸ್ವಭಾವ ನೋಡಿದರೆ ಸಾಕಾ ಅಂತ ಕೇಳಿದ್ದೀರಿ. ಯಾವ ಕೆಲಸಕ್ಕೆ ಅಂತ ಹೇಳಿಲ್ಲ. ಉತ್ತರ ಇರುವುದೇ ಅಲ್ಲಿ.

ಗ್ರಾಹಕರ ದೂರು ಕೇಳುವ ತಂಡವೊಂದನ್ನು ನಾನು ಹಲವು ವರ್ಷ ನೋಡಿಕೊಂಡಿದ್ದೆ. ಅಲ್ಲಿ ಒಬ್ಬಾಕೆ, ಫೋನಿನಲ್ಲಿ ಗ್ರಾಹಕರು ಎಷ್ಟೇ ಕೂಗಾಡಿದರೂ ಮಧ್ಯೆ ಬಾಯಿ ಹಾಕುತ್ತಿರಲಿಲ್ಲ. ಅವರು ಉಸಿರು ಎಳೆದುಕೊಳ್ಳುವಾಗ "ಇದು ಮೂರನೇ ಸಲ ಫೋನ್ ಮಾಡ್ತಿರೋದು ಅಲ್ವಾ ಸಾರ್?" ಅನ್ನುತ್ತಿದ್ದಳು. ಆ ಕಡೆಯ ದನಿ ತಾನಾಗಿ ಇಳಿಯುತ್ತಿತ್ತು. ಇನ್ನೊಬ್ಬ, ಮಾತು ಕಮ್ಮಿ, ಸದಾ ಗಂಟುಮುಖ. ಆದರೆ ಸಂಜೆ ಬಾಕಿ ದೂರುಗಳ ಪಟ್ಟಿ ತೆಗೆದು, ನಾಳೆ ಯಾರನ್ನು ಕೇಳಬೇಕು ಅಂತ ಒಂದೊಂದರ ಮುಂದೂ ಬರೆದಿಟ್ಟೇ ಏಳುತ್ತಿದ್ದ. ಫೋನಿನಲ್ಲಿ ಅವಳದೇ ಮೇಲುಗೈ. ಮುಂದೆ ಇಬ್ಬರನ್ನೂ ಲೆಕ್ಕ ತಾಳೆ ನೋಡುವ ಕಡೆ ಹಾಕಿದಾಗ ಅವಳ ಆ ಜಾಣ್ಮೆಗೆ ಅಲ್ಲಿ ಕೆಲಸವೇ ಇರಲಿಲ್ಲ. ಅವನ ಶಿಸ್ತು ಅಲ್ಲೂ ನಡೆಯಿತು.

1991ರಲ್ಲಿ ಬ್ಯಾರಿಕ್ ಮತ್ತು ಮೌಂಟ್ ಎಂಬ ಸಂಶೋಧಕರು ನೂರಕ್ಕೂ ಹೆಚ್ಚು ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದಾಗ ಕಂಡದ್ದೂ ಇದೇ. ಮನಶ್ಶಾಸ್ತ್ರಜ್ಞರು ಹೇಳುವ ವ್ಯಕ್ತಿತ್ವದ ಐದು ಮುಖ್ಯ ಗುಣಗಳಲ್ಲಿ ಎಲ್ಲ ಬಗೆಯ ಉದ್ಯೋಗಕ್ಕೂ ಒದಗಿದ್ದು ಒಂದೇ, ಹಿಡಿದ ಕೆಲಸ ಮುಗಿಸುವ ಶ್ರದ್ಧೆ. ಎಲ್ಲರೊಡನೆ ಬೆರೆಯುವ ಗುಣ ಮಾರಾಟಗಾರರಿಗೆ, ಮ್ಯಾನೇಜರುಗಳಿಗೆ ನೆರವಾಯಿತು. ಹಾಗಂತ ಶ್ರದ್ಧೆಯೊಂದನ್ನೇ ನಂಬಿ ಕೂರಬೇಡಿ. ಶ್ರದ್ಧೆಗೂ ಕೆಲಸದ ಗುಣಮಟ್ಟಕ್ಕೂ ಇರುವ ನಂಟಿನ ಅಳತೆ (ಸಹಸಂಬಂಧ; ಪೂರ್ತಿ ನಂಟಿದ್ದರೆ 1) ಸುಮಾರು 0.2, ಅಂದರೆ ಕೆಲಸದಲ್ಲಿ ಜನರ ನಡುವೆ ಕಾಣುವ ವ್ಯತ್ಯಾಸದಲ್ಲಿ ನೂರಕ್ಕೆ ನಾಲ್ಕು ಪಾಲಷ್ಟೇ ಅದು ವಿವರಿಸುತ್ತದೆ. ಇಕ್ಯೂ ವಿಷಯದಲ್ಲಿ ಜೋಸೆಫ್ ಮತ್ತು ನ್ಯೂಮನ್ ಎಂಬ ಸಂಶೋಧಕರು 2010ರಲ್ಲಿ ತೋರಿಸಿದ್ದು, ಸಿಟ್ಟು ನುಂಗಿ ನಗುಮುಖ ಇಟ್ಟುಕೊಳ್ಳಬೇಕಾದ ಕೆಲಸಗಳಲ್ಲಿ ಅದರ ಪ್ರಯೋಜನ ಹೆಚ್ಚು ಅಂತ.

ಇನ್ನು ಪರೀಕ್ಷೆಗಳು. "ಬೇರೆಯವರ ಮನಸ್ಸು ನನಗೆ ಬೇಗ ಅರ್ಥವಾಗುತ್ತದೆ" ಅನ್ನೋ ಸಾಲಿನ ಮುಂದೆ, ಕೆಲಸ ಬೇಕಾದವನು ‘ಇಲ್ಲ’ ಅಂತ ಗುರುತು ಹಾಕುತ್ತಾನೆಯೇ? ಇಂಥ ಪ್ರಶ್ನಾವಳಿಗಳು ಬಹುಮಟ್ಟಿಗೆ ಸ್ವಭಾವವನ್ನೇ ಬೇರೆ ಹೆಸರಿನಲ್ಲಿ ಅಳೆಯುತ್ತವೆ. ಅದಕ್ಕಿಂತ ಸಿಟ್ಟಿನ ಗ್ರಾಹಕನ ಪಾತ್ರ ನೀವೇ ಹಾಕಿ, ಐದು ನಿಮಿಷ ಮಾತಾಡಿಸಿ ನೋಡಿ.

ಒಂದು ತಪ್ಪೊಪ್ಪಿಗೆ. ವರ್ಷದ ಕೊನೆಯ ಅಪ್ರೈಸಲ್‌ನಲ್ಲಿ ಅವಳಿಗೆ ನಾನು ಯಾವಾಗಲೂ ಒಂದು ಅಂಕ ಜಾಸ್ತಿ ಕೊಡುತ್ತಿದ್ದೆ, ಲೆಕ್ಕದ ವಿಭಾಗಕ್ಕೆ ಹೋದ ಮೇಲೂ. ನನ್ನ ಮುಖ ಬಾಡಿದ್ದರೆ ಮೊದಲು ಗಮನಿಸುತ್ತಿದ್ದವಳು ಅವಳೇ.